ಐದು ಬಾಯಿ, ಒಂದು ಮನೆ

ಭಾನುವಾರ, ಸಂಜೆ

ಮುದ್ದಿನ ಪುಟ್ಟಿಗೆ,

ಹಾಗಾದರೆ ಆ ಒಲೆ ಕೆಟ್ಟದ್ದೆಂದು ಅರ್ಥವಲ್ಲ, ಅಲ್ಲವೆ? ನಿನ್ನೆ ನೀನು ಫೋನು ಮಾಡಿದಾಗಲೇ ಕೇಳಬೇಕಿತ್ತು. ಫೋನು ಹಿಡಿದರೆ ನನಗೆ ಬುದ್ಧಿ ಓಡುವುದಿಲ್ಲ, ತಡವಾದದ್ದಕ್ಕೆ ಬೈಯಬೇಡ. ಹೊಗೆಯಿಲ್ಲದ ಒಲೆ ಕೊಟ್ಟ ಮನೆಗಳಲ್ಲಿ ಮಕ್ಕಳ ಕೆಮ್ಮು ಕಡಿಮೆಯಾಯಿತೆಂದು ನೀನು ಲೆಕ್ಕ ತೆಗೆದೆ. ಆದರೆ ಒಂದೇ ಮನೆಯ ಮಕ್ಕಳನ್ನೆಲ್ಲ ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಿಬಿಟ್ಟೆ. ಒಂದೇ ಕೋಣೆ, ಒಂದೇ ಹೊದಿಕೆ. ಕೆಮ್ಮು ಬಂದರೆ ಎಲ್ಲರಿಗೂ, ಬಿಟ್ಟರೆ ಎಲ್ಲರಿಗೂ. ಈಗ ಮನೆಗಳ ಲೆಕ್ಕ ಹಿಡಿದರೆ ಒಲೆಯಿಂದ ಗುಣವಾಯಿತೋ ಇಲ್ಲವೋ ಖಚಿತವಿಲ್ಲ. ಮುಂದಿನ ವಾರದ ಸಭೆಯಲ್ಲಿ ಮುಖ್ಯಸ್ಥರಿಗೆ ಹೇಳುವುದೋ ಬಿಡುವುದೋ, ಇದೇ ತಾನೆ ನಿನ್ನ ಸಂಕಟ?

ಇದಕ್ಕೆ ನೀನು 'ಕೋರಿಲೇಟೆಡ್' ಎಂದೆ. ರಿಲೇಶನ್ ಎಂದರೆ ನೆಂಟಸ್ತಿಕೆ ಎಂದು ಕಾಲೇಜಿನಲ್ಲಿ ಕಲಿತ ನೆನಪು, 'ಕೋ' ಮರೆತುಹೋಗಿದೆ. ಅಷ್ಟರಲ್ಲೇ ಅರ್ಥದ ದಾರಿ ಹಿಡಿದೆ. ಹಿಂದೊಮ್ಮೆ ಎದುರುಮನೆಯ ಐವರು ಮಕ್ಕಳು ನಮ್ಮ ಕಿಟಕಿಯ ಗಾಜು ಒಡೆದು, ಸಾಲಾಗಿ ನಿಂತು "ಬೆಕ್ಕು ಒಡೆದ್ಹಾಕ್ತು ಆಂಟಿ" ಎಂದಿದ್ದರಲ್ಲ? ನಾನು, "ಐದು ಜನ ಹೇಳ್ತಿದ್ದಾರೆ ಕಣೆ, ಬೆಕ್ಕೇ ಇರಬೇಕು" ಎಂದೆ. ನಿಮ್ಮಮ್ಮ, "ಐದು ಬಾಯಾದ್ರೇನ್ರೀ, ಪಾಠ ಹೇಳಿಕೊಟ್ಟೋಳು ಅವರಲ್ಲಿ ದೊಡ್ಡೋಳು ಒಬ್ಳೇ. ಪಕ್ಕದ ಮನೇಲಿ ಕೇಳ್ಬನ್ನಿ" ಎಂದಳು. ಕೇಳಿದೆ. ಅಲ್ಲಿಯ ತಾತ, "ಹೌದಪ್ಪ, ನಾನೂ ನೋಡ್ದೆ. ಕೈಯಲ್ಲಿ ಚೆಂಡಿದ್ದ ಬೆಕ್ಕು" ಎಂದರು.

ಹೇಳಿಬಿಡು ಪುಟ್ಟಿ. ಮುಖ್ಯಸ್ಥರು ಸಿಡುಕಿದರೆ ಸಿಡುಕಲಿ. ಇನ್ನಷ್ಟು ಮನೆಗಳ ಬಾಗಿಲು ತಟ್ಟೋಣ ಎನ್ನು. ಎಳೆಯ ಮಕ್ಕಳ ಎದೆಯ ವಿಷಯ. ಒಲೆಯಲ್ಲಿ ಗುಣವಿದ್ದರೆ ಅದು ಓಡಿಹೋಗುವುದಿಲ್ಲ, ಇನ್ನೂರು ಮನೆ ಸುತ್ತಿದರೂ ಅಲ್ಲೇ ಸಿಗುತ್ತದೆ. ನನಗಂತೂ ಸಿಗುತ್ತದೆಂದೇ ಅನ್ನಿಸುತ್ತಿದೆ.

ಇಲ್ಲಿ ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ನನ್ನ ಮಂಡಿ ನೋಯುವುದು ನಿಂತಿಲ್ಲ. ಆ ಸಭೆಯಲ್ಲಿ ನಿನ್ನ ದನಿ ನಡುಗದಿರಲಿ, ನಡುಗಿದರೂ ಮಾತು ಪೂರ್ತಿಯಾಗಲಿ.

ನಿನ್ನ
ಅಪ್ಪ

ಮರೆತಿದ್ದೆ: ಅಮ್ಮ ಹೋದಮೇಲೆ ಫೋನಿನಲ್ಲಿ ನೀನು "ಚೆನ್ನಾಗಿದ್ದೀನಪ್ಪ" ಎನ್ನುತ್ತೀಯ, ನಾನು "ನಾನೂ ಅಷ್ಟೇಮ್ಮ" ಎನ್ನುತ್ತೇನೆ. ಕೇಳಿದವರಿಗೆಲ್ಲ ಇಬ್ಬರೂ ಚೆನ್ನಾಗಿದ್ದೇವೆ ಎಂದು ಸಾರಿದ್ದೇನೆ. ಅವು ಎರಡು ಸಾಕ್ಷಿಗಳಲ್ಲ. ನೀನು ಅಳಬಾರದೆಂದು ನಾನು, ನಾನು ಅಳಬಾರದೆಂದು ನೀನು. ನಾನು ಚೆನ್ನಾಗಿಲ್ಲ ಪುಟ್ಟಿ. ಬರೆದ ಮೇಲೆ ತುಸು ಹಗುರಾಯಿತು. ಈ ಸಲ ಫೋನು ಮಾಡಿದಾಗ ನನ್ನದನ್ನು ಕೇಳದೆ ಮೊದಲು ನಿನ್ನದನ್ನು ಹೇಳು, ನನಗೆ ಭಯವಿಲ್ಲ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಸಾಲು ಎಲ್ಲಿಗೆ ಸಾಗುತ್ತಿದೆಯೋ ಕಾಣುತ್ತಿಲ್ಲ.