ನಲ್ಲಿಗೆ ಹಿಡಿದ ಲೋಟ

ಅಪ್ಪಾ,

ನೀನಿಲ್ಲ, ಇದನ್ನು ಓದುವುದಿಲ್ಲ. ಆದರೂ ಹೇಳದೆ ಇರಲಾರೆ. ನೀನು ಬಣ್ಣದ ತೊಟ್ಟಿಯ ಮುಂದೆ ಆಯಸ್ಸು ಸವೆಸಿದ ಬಟ್ಟೆ ಗಿರಣಿಯಲ್ಲೇ ನಾನೀಗ ಪ್ರಚಾರ ನೋಡಿಕೊಳ್ಳುತ್ತೇನೆ. ‘ನಾವು ಹೊರಬಿಡುವ ನೀರು ಕುಡಿಯುವಷ್ಟು ಶುದ್ಧ’ ಎಂಬ ಜಾಹೀರಾತು ನನ್ನದೇ. ಪತ್ರಕರ್ತರು ಬಂದಾಗಲೆಲ್ಲ ಮಾಲೀಕರು ಆ ನೀರನ್ನು ಜಗ್ಗಿನಿಂದ ಬಗ್ಗಿಸಿಕೊಂಡು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಾರೆ. ಜಗ್ಗಿಗೆ ಅಂಗಡಿಯ ಬಾಟಲಿ ನೀರು ತುಂಬಿಡುವವಳು ನಾನು.

ಇವತ್ತು ಒಬ್ಬ ವರದಿಗಾರ್ತಿ ಜಗ್ಗನ್ನು ಮುಟ್ಟಲಿಲ್ಲ. ನೀರು ಹೊರಹೋಗುವ ಕೊಳವೆಯ ನಲ್ಲಿಗೇ ಲೋಟ ಹಿಡಿದು, “ಇದನ್ನ ಕುಡೀರಿ ಸರ್, ಫೋಟೊ ತೆಗೀತೀನಿ” ಅಂದಳು.

ಮಾಲೀಕರ ಮುಖ ಬಿಳಿಚಿಕೊಂಡಿತು. ಮರುಕ್ಷಣ ನಕ್ಕು ಲೋಟವನ್ನು ನನ್ನ ಕೈಗಿಟ್ಟರು. “ನಾನು ಕುಡಿದ್ರೆ ಏನು ದೊಡ್ಡದು? ಇವಳಪ್ಪನೂ ನಮ್ಮಲ್ಲೇ ದುಡಿದವನು. ಕುಡಿದು ತೋರಿಸಮ್ಮಾ.”

ಕ್ಯಾಮೆರಾಗಳೆಲ್ಲ ನನ್ನತ್ತ ತಿರುಗಿದವು. ನೀರೇನೋ ತಿಳಿಯಾಗಿಯೇ ಇತ್ತು. ಕುಡಿದೆ. ಚಪ್ಪಾಳೆ ಬಿತ್ತು.

ಕೆಲಸದಿಂದ ಬಂದವನು ನೀನು, “ಸ್ನಾನ ಆಗೋವರೆಗೂ ನನ್ನ ಮುಟ್ಟಬೇಡ ಕಂದಾ” ಅಂತ ಬಾಗಿಲಲ್ಲೇ ತಡೆಯುತ್ತಿದ್ದೆಯಲ್ಲ, ಆ ಅಂಗಿಯ ವಾಸನೆ ನನ್ನ ಬಾಯಿ ತುಂಬ ಇತ್ತು.

ಮನೆಗೆ ಬಂದಾಗ ನಿನ್ನ ಮೊಮ್ಮಗಳು ಓಡಿಬಂದು ಮುತ್ತು ಕೊಡೆಂದು ಕೆನ್ನೆ ಒಡ್ಡಿದಳು. ಅವಳನ್ನು ಬಾಗಿಲಲ್ಲೇ ತಡೆದೆ.