ಕಾಡೀರುಳ್ಳಿಯ ಕೈನಡುಕ

ಏಪ್ರಿಲ್ 28, ಭಾನುವಾರ

ಮತ್ತೆ ಸೋತೆ. ಮೊದಲ ಸುತ್ತಿನಲ್ಲೇ. ದೀಪ ಹತ್ತಿದೊಡನೆ ರಿವಾಲ್ವರ್ ಎಳೆದು ಯಾರು ಮೊದಲು ಹೊಡೆಯುತ್ತಾರೋ ಅವರಿಗೆ ಗೆಲುವು, ಅಷ್ಟೇ ಆಟ. ಗುರಿಹಲಗೆಯ ನಡುವೆ ದೀಪ ಹತ್ತಿದ್ದನ್ನು ಕಣ್ಣಾರೆ ಕಂಡೆ, ರಿವಾಲ್ವರಿನ ಹಿಡಿಯ ಮೇಲಿಟ್ಟ ಕೈ ಮಾತ್ರ ಅಲ್ಲಾಡಲಿಲ್ಲ. ಪಕ್ಕದವಳು ಎಳೆದು ಹೊಡೆದೂ ಆಗಿತ್ತು, ನನ್ನದು ಇನ್ನೂ ಒರೆಯಲ್ಲೇ. ಮೇಣದ ಗುಂಡು, ಯಾರೂ ಸಾಯುವುದಿಲ್ಲ ನಿಜ. ಆದರೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸು ಬರುವಾಗ ಟ್ರಕ್ಕಿನಲ್ಲಿ ಗಂಡ ಮರ್ಲ್ ಶುರು ಹಚ್ಚಿಕೊಂಡ. "ಮನೇಲಿ ಸಿಡಿಲು ಕಣೇ ನೀನು. ಜನ ಕಂಡ್ರೆ ಕೈಕಾಲು ತಣ್ಣಗಾಗತ್ತೆ. ಮನಸ್ಸು ಗಟ್ಟಿ ಮಾಡ್ಕೋ ಜನೆಲ್."

ಈ ಪಂದ್ಯಗಳಲ್ಲಿ ಯಾರೂ ಸ್ವಂತ ಹೆಸರಲ್ಲಿ ಹೊಡೆಯುವುದಿಲ್ಲ, ಎಲ್ಲರಿಗೂ ಒಂದು ಅಡ್ಡಹೆಸರು. ಇವನು 'ಪಾದ್ರಿ', ಎರಡು ಸಲ ಐಡಹೋ ರಾಜ್ಯದ ಪಟ್ಟ ಗೆದ್ದವನು. ನಾನು 'ಕಾಡೀರುಳ್ಳಿ'. ಬರೀ ಕಣ್ಣೀರು ತರಿಸಿಕೊಳ್ಳುವವಳು ಎಂದು ಕ್ಲಬ್ಬಿನಲ್ಲಿ ನಗೆ. ನಗಲಿ... ಹಾಳಾಗಿ ಹೋಗಲಿ.

ಮೇ 7

ಮರ್ಲ್‌ನಿಂದ ಉಸಿರಾಟದ ಪಾಠ. ದನದ ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಸರೋವರ ನೆನೆಸಿಕೋ ಅಂದ. ನೆನೆಸಿಕೊಂಡೆ. ಅವನನ್ನು ಅದರೊಳಗೆ ತಳ್ಳಿದ ಹಾಗೆ ಕಂಡಿತು.

ಹೋಟೆಲಿನಲ್ಲಿ ಕಾಫಿ ಬಗ್ಗಿಸುವವಳೂ ಬುದ್ಧಿ ಹೇಳಿದಳು — "ಜಾಸ್ತಿ ಯೋಚ್ನೆ ಮಾಡ್ಬೇಡಿ." ಬಿದ್ದವರಿಗೆ ಆಳಿಗೊಂದು ಕಲ್ಲು.

ರಾಜ್ಯದ ಪಂದ್ಯ ಜೂನ್ ಒಂದಕ್ಕೆ. ಅಲ್ಲೂ ಹೀಗೇ ಆದರೆ ರಿವಾಲ್ವರ್ ಮಾರಿಬಿಡುತ್ತೇನೆ. ಹೇಡಿ ಎಂದು ನಾನೇ ಒಪ್ಪಿಕೊಂಡ ಹಾಗೆ. ಐವತ್ತೊಂದು ವರ್ಷಕ್ಕೆ ಅದೊಂದು ಬಾಕಿ ಇತ್ತು.

ಮೇ 19, ಸಂಜೆ

ಪೆನ್ನು ಹಾಳೆ ಹರಿಯುತ್ತಿದೆ, ಸಿಟ್ಟಿಗೆ.

ಮನೆಯ ಅಭ್ಯಾಸದ ಗುರಿಹಲಗೆಯಲ್ಲಿ ದೀಪ ತನ್ನಷ್ಟಕ್ಕೆ ಹತ್ತುವ ಯಂತ್ರ ಕೆಟ್ಟು ವರ್ಷವಾಯಿತು. ಹೊಸದೇಕೆ, ನಾನಿಲ್ಲವೇ ಅಂದವನು ಮರ್ಲ್. ಅಂದಿನಿಂದ ಕೊಟ್ಟಿಗೆಯಲ್ಲಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡು, ಮುಂದಕ್ಕೆ ಬಾಗಿ ಕಂಬದ ಮೇಲಿನ ಗುಂಡಿ ಒತ್ತುತ್ತಾನೆ. ಇವತ್ತು ಅವನು ಹೊಲಕ್ಕೆ ನೀರು ಬಿಡಲು ಹೋಗಿದ್ದ. ಅವನಮ್ಮ ಓಪಲ್ ಬಂದರು.

"ಅವ್ನಿಲ್ದಿದ್ರೆ ಏನಂತೆ, ನಾನು ಒತ್ತುತೀನಿ ನಿಲ್ಲೇ."

ಅತ್ತೆಗೆ ಬೆನ್ನು ಬಗ್ಗುವುದಿಲ್ಲ. ಕೂತಲ್ಲಿಂದಲೇ ಊರುಗೋಲಿನಿಂದ ಗುಂಡಿ ಒತ್ತಿದರು. ದೀಪ ಹತ್ತಿತು. ನನ್ನ ಕೈ ಅಲ್ಲಾಡಲಿಲ್ಲ. ಮತ್ತೊಮ್ಮೆ, ಹಾಗೇ. ಪಂದ್ಯದಲ್ಲಿ ಆಗುವ ಹಾಗೇ.

"ಏನಮ್ಮಾ, ನನ್ನ ಕಂಡ್ರೂ ಭಯಾನಾ?"

ಅಲ್ಲಿದ್ದ ಜನವಾದರೂ ಎಷ್ಟು? ಒಬ್ಬ ಅತ್ತೆ, ಒಂದು ಬೆಕ್ಕು.

ಮರ್ಲ್ ಬಂದ ಮೇಲೆ ಅವನ ಕೈಯಲ್ಲಿ ಒತ್ತಿಸಿದೆ. ನನ್ನ ಕೈ ಸಿಡಿಲು. ಆಗ ಬೂಟಿನ ಅಡಿಗೆ ಗಮನ ಕೊಟ್ಟೆ. ಅವನು ಬಾಗಿದ ಕೂಡಲೇ ನನ್ನ ಕಾಲಡಿಯವರೆಗೂ ಚಾಚಿದ ಕೊಟ್ಟಿಗೆಯ ನೆಲದ ಹಲಗೆ ಒಂದಿಷ್ಟು ಕುಸಿಯುತ್ತದೆ, ದೀಪ ಹತ್ತುವುದಕ್ಕೂ ಮುಂಚೆ. ವರ್ಷದಿಂದ ನನ್ನ ಕೈ ಕಾದದ್ದು ದೀಪವನ್ನಲ್ಲ, ಆ ಹಲಗೆಯನ್ನು. ಪಂದ್ಯದಲ್ಲಿ ನಿಲ್ಲುವುದು ಮಣ್ಣಿನ ಮೇಲೆ.

ಹೇಳಿದೆ. ನಕ್ಕ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ."

ಇವನ ಅಭ್ಯಾಸಕ್ಕೆ ಗುಂಡಿ ಒತ್ತುವವಳು ನಾನು — ನಿಂತು, ಹಲಗೆ ಅಲ್ಲಾಡದ ಹಾಗೆ. ಅದಕ್ಕೇ ಎಲ್ಲಿ ಹೋದರೂ ಗೆಲ್ಲುತ್ತಾನೆ. ನನಗೆ ಸರೋವರವಂತೆ, ಸರೋವರ.

ಮೇ 27

ಹಿತ್ತಲಿನ ಬರೀ ನೆಲದಲ್ಲಿ ಅಭ್ಯಾಸ, ಅತ್ತೆಯ ಜೊತೆ. ಮುದುಕಿ ಬೇಕಂತಲೇ ಕಾಯಿಸುತ್ತಾರೆ. ಒಮ್ಮೆ ತಕ್ಷಣ, ಒಮ್ಮೆ ಉಸಿರು ಕಟ್ಟುವಷ್ಟು ತಡವಾಗಿ.

"ನಿದ್ದೆ ಬಂತಾ ಅತ್ತೆ?"

"ಬಾಯ್ಮುಚ್ಕೊಂಡು ದೀಪ ನೋಡೇ."

ಮೂರು ದಿನ ಅಳು ಬಂತು. ಇವತ್ತು ಬರಲಿಲ್ಲ. ಕೈ ಅಷ್ಟಿಷ್ಟು ಕೇಳುತ್ತಿದೆ.

ಜೂನ್ 1, ಟ್ರಕ್ಕಿನೊಳಗೆ

ಗೆದ್ದೆ. ಹೆಂಗಸರ ವಿಭಾಗ, ರಾಜ್ಯಕ್ಕೆ ಮೊದಲು. ಬರೆದರೂ ನಂಬಿಕೆ ಬರುತ್ತಿಲ್ಲ.

ಕೊನೆಯ ಸುತ್ತಿನಲ್ಲಿ ನನಗೂ ಎದುರಾಳಿಗೂ ಎರಡೆರಡು ಗೆಲುವು, ಇನ್ನೊಂದು ಯಾರಿಗೋ ಅವರಿಗೆ ಪಟ್ಟ. ಕೈ ನಡುಗಿತು, ನೋಡಿದವರಿಗೆಲ್ಲ ಕಾಣುವಷ್ಟು. ಸರೋವರ ನೆನೆಯಲಿಲ್ಲ, ಉಸಿರು ಎಣಿಸಲಿಲ್ಲ. ನಡುಗುತ್ತಿದ್ದರೆ ನಡುಗಲಿ ಎಂದು ದೀಪವನ್ನೇ ನೋಡುತ್ತ ನಿಂತೆ. ಹತ್ತಿತು. ಹೊಡೆದಾಗಿತ್ತು.

ಅತ್ತೆ ಕೋಲು ಎತ್ತಿ ಕುಣಿಯುವುದೊಂದು ಬಾಕಿ. ಅತ್ತುಬಿಟ್ಟೆ.

ಟೋಪಿ ಬಿಟ್ಟಿದ್ದೆನೆಂದು ಟ್ರಕ್ಕಿಗೆ ಬಂದೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿದೆ. ಮಾಂಸ ಸುಡುವ ಒಲೆಯ ಸುತ್ತ ಕ್ಲಬ್ಬಿನವರೆಲ್ಲ ಸೇರಿದ್ದಾರೆ, ನಡುವೆ ಮರ್ಲ್. "ವರ್ಷವಿಡೀ ತಿದ್ದಿದೀನಿ ಕಣ್ರೋ. ಉಸಿರು, ಸರೋವರ... ಇವತ್ತು ನೋಡಿದ್ರಲ್ಲ, ಒಂಚೂರು ನಡುಗಿದ್ಳಾ?"

ಒಂಚೂರು ನಡುಗಿದಳಾ ಅಂತೆ. ಅಷ್ಟು ಹತ್ತಿರ ನಿಂತಿದ್ದವನು ನನ್ನ ಕೈಯನ್ನೂ ನೋಡಿಲ್ಲ.

"ಜನೆಲ್, ಬಾ ಇಲ್ಲಿ, ಎಲ್ರಿಗೂ ಹೇಳು" ಎಂದು ಕೂಗುತ್ತಿದ್ದಾನೆ.

ಹೇಳುತ್ತೇನೆ. ಇವತ್ತು ಎಲ್ಲರ ಮುಂದೆಯೇ ಹೇಳುತ್ತೇನೆ, ಕೊಟ್ಟಿಗೆಯ ಹಲಗೆಯಿಂದ ಹಿಡಿದು. ಮೊದಲನೆಯದಾಗಿ, ಮರ್ಲ್ —