ನಾನೇ ಮಾಡಿದ ರೂಲ್

ನವೆಂಬರ್ ೯, ರಾತ್ರಿ

ಸಾರಿ, ನಾಳೆ ಟೆಸ್ಟ್ ಇಟ್ಟುಕೊಂಡು ಇದನ್ನು ಬರೆಯಬಾರದು. ಆದರೆ ತಲೆಗೆ ಏನೂ ಹತ್ತುತ್ತಿಲ್ಲ. ಹಾಸ್ಟೆಲ್ ರೂಮಿನ ನಾವು ಮೂವರೂ ಮನೆಯಿಂದ ಬಂದ ದುಡ್ಡನ್ನು ಒಂದೇ ಡಬ್ಬಿಗೆ ಹಾಕಿ ಸಮನಾಗಿ ಹಂಚಿಕೊಳ್ಳಬೇಕೆಂದು ರೂಲ್ ಮಾಡಿದವಳು ನಾನೇ. ಆಗ ಎಲ್ಲರಿಗಿಂತ ಕಡಿಮೆ ಬರುತ್ತಿದ್ದುದು ನನಗೆ. ಇವತ್ತು ಲೈಬ್ರರಿ ಕೆಲಸದ ಮೊದಲ ಸಂಬಳ ಬಂತು. ಡಬ್ಬಿಗೆ ಹಾಕಲಿಲ್ಲ.

"ಇದು ನಾನು ದುಡಿದದ್ದು ಕಣೇ, ಮನೆಯಿಂದ ಬಂದದ್ದಲ್ಲ," ಎಂದೆ.

ರೂಮಿನ ಇಬ್ಬರಲ್ಲಿ ಒಬ್ಬಳು, ದರ್ಜಿಯ ಮಗಳು, ಪುಸ್ತಕದಿಂದ ತಲೆಯೆತ್ತದೆ ಕೇಳಿದಳು, "ಹಾಗಾದ್ರೆ ನಮ್ಮಪ್ಪ ಮೆಷಿನ್ ತುಳಿಯೋದು ಆಟಕ್ಕೇನೇ?"

ಇನ್ನೊಬ್ಬಳು ಕಿಸಕ್ಕೆಂದಳು. ನನಗೆ ಮೈಯೆಲ್ಲ ಉರಿಯಿತು. ಆ ದರ್ಜಿಯ ದುಡ್ಡಿನಲ್ಲಿ ನಾನು ಪುಸ್ತಕ ಕೊಂಡಾಗ ಅದನ್ನು ನ್ಯಾಯ ಎಂದಿದ್ದೆ. ಈಗ ಅದೇ ನ್ಯಾಯ ಲೂಟಿಯಂತೆ ಕಾಣುತ್ತಿದೆ. ನಾಚಿಕೆಯಾಗುತ್ತಿದೆ, ಆದರೂ ಕೊಡಲು ಕೈ ಬರುತ್ತಿಲ್ಲ.

ಈ ಹಾಳೆಯನ್ನು ಹರಿದು ದರ್ಜಿಯ ಮಗಳ ದಿಂಬಿನ ಕೆಳಗೆ ಇಡುತ್ತೇನೆ. ಓದಿದೆಯಲ್ಲ ಕಣೇ, ಸಂಬಳದಲ್ಲಿ ಅರ್ಧ ಡಬ್ಬಿಗೆ ಹಾಕಿದರೆ ನಡೆಯುತ್ತಾ? ಬೆಳಗ್ಗೆಯೇ ಹೇಳಿಬಿಡು.